ಹಲಸಿನ ಹಲಗೆಯ ಉಪ್ಪರಿಗೆ: ಉಜ್ಜಿ ಪಿಯು (ಪಾಲಿಯುರೆಥೇನ್ ವಾರ್ನಿಶ್) ಹೊಡೆದ ಮೇಲೆ ಕೆಟ್ಟಿದೆ, ಎಲ್ಲಿಂದ ಸರಿಮಾಡುವುದು?

ಪ್ರಶ್ನೆ: ನೀರ್ಚಾಲು_ಮನೆ

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಕಡೆಯ ಹಳೆಯ ಮನೆಯ ಉಪ್ಪರಿಗೆ ಕೋಣೆಯ ವಿಷಯ. 14 ಅಡಿ ಉದ್ದ, 12 ಅಡಿ ಅಗಲ. ನೆಲಕ್ಕೆ ಹಲಸಿನ ಹಲಗೆ, ಒಂದೊಂದು 7ರಿಂದ 8 ಇಂಚು ಅಗಲ, ದಪ್ಪ ಒಂದಿಂಚಿಗೆ ತುಸು ಕಡಿಮೆ. ಜಂತಿಗೆ ಕಬ್ಬಿಣದ ಮೊಳೆ ಹೊಡೆದು ಕೂರಿಸಿದ್ದು. ಕೆಳಗಿನ ಚಾವಡಿಗೆ ಇದೇ ಹಲಗೆಯೇ ಮುಚ್ಚಿಗೆ. ನಡುವೆ ಬೇರೆ ಪದರ ಇಲ್ಲ.

ಆದ ಕೆಲಸ ಇಷ್ಟು. ಏಪ್ರಿಲ್‌ನಲ್ಲಿ 4 ಇಂಚಿನ ಗ್ರೈಂಡರಿಗೆ 60 ನಂಬ್ರದ (ನಂಬ್ರ ಹೆಚ್ಚಿದಷ್ಟೂ ಉಜ್ಜುವ ಪೇಪರ್ ನಯ) ಫ್ಲ್ಯಾಪ್ ಡಿಸ್ಕ್ ಹಾಕಿ ಹಳೆಯ ಪಾಲಿಶ್ ತೆಗೆದದ್ದು. ಮತ್ತೆ ಆರ್ಬಿಟಲ್ ಸ್ಯಾಂಡರಿನಲ್ಲಿ 120, ಕೊನೆಗೆ 220. ಹುಡಿ ಹೋಗಲೆಂದು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದ್ದು. ಸಂದಿಗಳಿಗೆ ಮರದ ಹುಡಿಯನ್ನು ಬಿಳಿ ಗಮ್ಮಿನಲ್ಲಿ ಕಲಸಿ ತುಂಬಿಸಿದ್ದು. ಮೇ ಕೊನೆಗೆ ಎಣ್ಣೆ ಆಧಾರದ ಸಿಂಗಲ್ ಪ್ಯಾಕ್ ಪಿಯು ಒಂದು ಕೋಟ್. ಮಳೆ ಹಿಡಿದ ಕಾರಣ ಎರಡನೆಯ ಕೋಟ್ ಜೂನ್ 20ರ ಹೊತ್ತಿಗೆ, ನಡುವೆ ಉಜ್ಜಲಿಲ್ಲ.

ಈಗ ಸೆಪ್ಟೆಂಬರ್. ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುವಾಗ ನೆಲದ ತುಂಬ ಅರ್ಧಚಂದ್ರಾಕಾರದ ಗೀರುಗಳು ಕಾಣುತ್ತವೆ. ಮೊಳೆಗಳ ಸುತ್ತ ಕಪ್ಪು ಬಳೆ. ಸಂದಿಗೆ ತುಂಬಿಸಿದ್ದು ಗೆರೆಗೆರೆಯಾಗಿ ಮೇಲೆದ್ದಿದೆ, ಅದರ ಎರಡೂ ಬದಿಯಲ್ಲಿ ಅರ್ಧ ಇಂಚು ಬಿಳುಚಿಕೊಂಡ ಪಟ್ಟಿ ಉಂಟು. ಬಾಗಿಲ ಹತ್ತಿರ ಪಿಯು ಸಿಪ್ಪೆಯ ಹಾಗೆ ಏಳುತ್ತಿದೆ. ತೆಂಕಣ ಮೂಲೆಯ ನಾಲ್ಕು ಹಲಗೆ ಮೂರು ತಿಂಗಳಾದರೂ ಅಂಟಂಟು. ಆ ಮೂಲೆಗೆ ಗೆದ್ದಲು ಬರಬಾರದೆಂದು ಹಿಂದೆ ಗೇರೆಣ್ಣೆ ಹಚ್ಚುತ್ತಿದ್ದರು. ಇನ್ನೊಂದು ಕೋಟ್ ಹೊಡೆದರೆ ಎಲ್ಲ ಮುಚ್ಚಿಹೋದೀತೇ, ಅಥವಾ ಮೊದಲಿನಿಂದ ತೆಗೆಯಬೇಕೇ?

ಉತ್ತರ: ಕೀಸುಳಿ

ಮೂರನೆಯ ಕೋಟ್ ಬೇಡವೇ ಬೇಡ ಮಾರಾಯರೇ. ಹೊಳಪು ಹೆಚ್ಚಿದಷ್ಟೂ ಗೀರು ಎದ್ದು ಕಾಣುತ್ತದೆ. ಒಣಗದ ಪದರದ ಮೇಲೆ ಮತ್ತೊಂದು ಪದರ ಕೂತರೆ ಅಡಿಯದ್ದಕ್ಕೆ ಗಾಳಿಯೂ ಸಿಗುವುದಿಲ್ಲ. ನೀವು ಹೇಳಿದ ಐದು ತೊಂದರೆಗೂ ಕಾರಣ ಬೇರೆ ಬೇರೆ. ಯಾವುದು ಯಾವ ಹಂತದಲ್ಲಿ ಹುಟ್ಟಿತೋ ಅಲ್ಲಿಯವರೆಗೆ ಹಿಂದೆ ಹೋಗಬೇಕು. ನಿಮ್ಮಲ್ಲಿ ಗೀರು ಮೊದಲ ಹಂತದ್ದು, ಅದೂ ಕೋಣೆಯಿಡೀ ಇರುವುದರಿಂದ ಮರದವರೆಗೆ ಇಳಿಯದೆ ಉಪಾಯ ಇಲ್ಲ.

ಗೀರಿನ ಮೂಲ ಗ್ರೈಂಡರು. ಅದು ನಿಮಿಷಕ್ಕೆ 10,000 ಸುತ್ತಿಗೂ ಮೇಲೆ ತಿರುಗುತ್ತದೆ, ಡಿಸ್ಕಿನ ಅಂಚು ಮಾತ್ರ ಮರಕ್ಕೆ ತಾಗುತ್ತದೆ. ಒಂದು ಕ್ಷಣ ನಿಂತಲ್ಲಿ ಬಟ್ಟಲಿನ ಹಾಗೆ ಗುಳಿ ಬೀಳುತ್ತದೆ, ಮರದ ಎಳೆಗೆ ಅಡ್ಡವಾಗಿ ಕಮಾನಿನ ಗೀರೂ ಬೀಳುತ್ತದೆ. ಆರ್ಬಿಟಲ್ ಸ್ಯಾಂಡರಿನ ತಳ ಮೆತ್ತನೆಯ ಸ್ಪಂಜು. ಅದು ಗುಳಿಯನ್ನು ತೆಗೆಯುವುದಿಲ್ಲ, ಗುಳಿಯೊಳಗೆ ಇಳಿದು ಅದನ್ನೂ ನಯ ಮಾಡಿ ಬರುತ್ತದೆ. 60ರ ಗೀರನ್ನು ತೆಗೆಯಲು 80 ಬೇಕು, 80ರದ್ದನ್ನು ತೆಗೆಯಲು 100 ಅಥವಾ 120. ನೀವು ನಡುವಿನ 80ನ್ನು ಬಿಟ್ಟು ಹಾರಿದ್ದೀರಿ. 220ರಲ್ಲಿ ಎಷ್ಟು ಹೊತ್ತು ಉಜ್ಜಿದರೂ ಆ ಗೀರಿನ ತುದಿ ಬೆಳ್ಳಗಾಗುತ್ತದೆಯೇ ಹೊರತು ಬುಡ ಹೋಗುವುದಿಲ್ಲ.

ಮೊದಲು ಉಳಿದಿರುವ ದಪ್ಪ ನೋಡಿ. ಸಂದಿ ದೊಡ್ಡದಿರುವಲ್ಲಿ ತಂತಿಯ ತುದಿಯನ್ನು ಕೊಕ್ಕೆ ಮಾಡಿ ಇಳಿಸಿ, ಹಲಗೆಯ ತಳಕ್ಕೆ ಸಿಕ್ಕಿಸಿ, ಮೇಲೆ ಗುರುತು ಹಾಕಿ ಅಳೆಯಬಹುದು. ಒಂದು ಹಲಗೆಯ ಅಂಚು ಪಕ್ಕದ್ದರ ಗಾಡಿಯೊಳಗೆ ಕೂರುವ ನಾಲಗೆ ಜೋಡಣೆ ಇದ್ದರೆ ನಾಲಗೆಯ ಮೇಲೆ ಕಡಿಮೆಯೆಂದರೆ 4 ಮಿ.ಮೀ. ಮರ ಉಳಿಯಬೇಕು. 2 ಅಡಿಯ ಸ್ಟೀಲ್ ಪಟ್ಟಿಯನ್ನು ನೆಲದ ಮೇಲೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಹಿಡಿಯಿರಿ, ಗುಳಿ ಇರುವಲ್ಲಿ ಬೆಳಕು ಕಾಣುತ್ತದೆ. ಅಲ್ಲಿ ಚಾಕ್‌ನಲ್ಲಿ ಗುರುತು ಹಾಕಿ. ಅರ್ಧ ಮಿ.ಮೀ. ಗುಳಿ ಸುಲಭದಲ್ಲಿ ಹೋಗುತ್ತದೆ. ಒಂದು ಮಿ.ಮೀ. ದಾಟಿದ ಒಂದೆರಡು ಗುಳಿಗಾಗಿ ಇಡೀ ಕೋಣೆಯನ್ನು ಕೆಳಗಿಳಿಸಬೇಡಿ. ಸುತ್ತ ಎರಡು ಅಡಿಯವರೆಗೆ ಇಳಿಜಾರಾಗಿ ಹರಡಿಬಿಟ್ಟರೆ ಕಣ್ಣಿಗೂ ಕಾಲಿಗೂ ತಿಳಿಯುವುದಿಲ್ಲ.

ಯಂತ್ರ ಮುಟ್ಟುವ ಮೊದಲು ಪ್ರತಿ ಮೊಳೆಯನ್ನೂ ಪಂಚ್ ಇಟ್ಟು 3 ಮಿ.ಮೀ. ಒಳಗೆ ಇಳಿಸಿ. ಮೊಳೆ ತಲೆಗೆ ತಾಗಿದರೆ ಬೆಲ್ಟ್ ಹರಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಕಿಡಿ. ಚೀಲದೊಳಗಿನ ಹುಡಿಗೆ ಬಿದ್ದ ಕಿಡಿ ಗಂಟೆಗಟ್ಟಲೆ ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳಬಹುದು. ಸಂಜೆ ಚೀಲ ಖಾಲಿ ಮಾಡಿ, ಹುಡಿಯನ್ನು ಮನೆಯ ಹೊರಗೆ ಇಡಿ.

ಬೇಕಾದದ್ದು 4 ಇಂಚಿನ ಬೆಲ್ಟ್ ಸ್ಯಾಂಡರ್, ಅಂದರೆ 100×610 ಮಿ.ಮೀ. ಬೆಲ್ಟ್ ಹಿಡಿಸುವಂಥದ್ದು. 60ರ ಬೆಲ್ಟಿನಲ್ಲಿ ಒಂದು ಸುತ್ತು ಎಳೆಗೆ ಸುಮಾರು 15 ಡಿಗ್ರಿ ಓರೆಯಾಗಿ ಹೋಗಿ. ಗುಳಿ ಮಟ್ಟವಾಗುವುದು ಈ ಓರೆ ಸುತ್ತಿನಲ್ಲಿ. ಮತ್ತೆ ಅದೇ 60ರಲ್ಲಿ ಎಳೆಯ ಉದ್ದಕ್ಕೆ, ಆಮೇಲೆ 80ರಲ್ಲಿ ಉದ್ದಕ್ಕೆ. ಯಂತ್ರ ಮುಂದೆ ಹೋಗುತ್ತಿರುವಾಗಲೇ ನೆಲಕ್ಕೆ ತಾಗಿಸಬೇಕು, ಹೋಗುತ್ತಿರುವಾಗಲೇ ಎತ್ತಬೇಕು. ನಿಲ್ಲಿಸಿ ಎತ್ತಿದರೆ ಹೊಸ ಗುಳಿ. ಇದಾದ ಮೇಲೆ 5 ಇಂಚಿನ ಆರ್ಬಿಟಲ್: 80, 100, 120, ಅಲ್ಲಿಗೆ ನಿಲ್ಲಿಸಿ. ಕೈಯಿಂದ ಒತ್ತಬಾರದು, ಯಂತ್ರದ ಭಾರವೇ ಸಾಕು. ಒಂದು ಸೆಕೆಂಡಿಗೆ ಒಂದಿಂಚು ಸಾಗುವ ಹಾಗೆ ಹೋಗಿ. ಬೇಗ ಎಳೆದರೆ ಸುರುಳಿ ಸುರುಳಿ ಗೀರು ಬೀಳುತ್ತದೆ. ಪೇಪರಿನಡಿ ಒಂದು ಕಣ ಸಿಕ್ಕಿಕೊಂಡರೂ ಹಾಗೇ ಆಗುತ್ತದೆ, ಅದಕ್ಕೇ ನಂಬ್ರ ಬದಲಿಸುವಾಗಲೆಲ್ಲ ನೆಲವನ್ನು ವ್ಯಾಕ್ಯೂಮ್ ಮಾಡಬೇಕು. ನಿಮ್ಮ 168 ಚದರಡಿಗೆ ಪ್ರತಿ ನಂಬ್ರಕ್ಕೂ ಹನ್ನೆರಡರಷ್ಟು ಡಿಸ್ಕ್ ಇಟ್ಟುಕೊಳ್ಳಿ. ಸವೆದ ಪೇಪರ್ ಮರವನ್ನು ಕಡಿಯುವುದಿಲ್ಲ, ತಿಕ್ಕಿ ಮಿನುಗಿಸುತ್ತದೆ ಅಷ್ಟೇ.

ಪ್ರತಿ ನಂಬ್ರಕ್ಕೆ ಮುಂಚೆ ನೆಲದ ಮೇಲೆ ಪೆನ್ಸಿಲಿನಲ್ಲಿ ಹಾವಿನ ಹಾಗೆ ಗೆರೆ ಎಳೆಯಿರಿ, ಗೆರೆ ಪೂರ್ತಿ ಹೋಗುವವರೆಗೆ ಉಜ್ಜಿ. ಕೊನೆಗೆ ಕೋಣೆ ಕತ್ತಲೆ ಮಾಡಿ, ಬಲ್ಬನ್ನು ನೆಲಕ್ಕೆ ತಾಗಿಸಿ ಇಟ್ಟು, ಟರ್ಪಂಟೈನ್ ಅದ್ದಿದ ಬಟ್ಟೆಯಿಂದ ಒಂದೆರಡು ಹಲಗೆ ಒರೆಸಿ ನೋಡಿ. ಪಾಲಿಶ್ ಆದ ಮೇಲೆ ಹೇಗೆ ಕಾಣುತ್ತದೆಂದು ಆ ಒಂದು ನಿಮಿಷದಲ್ಲಿ ತೋರಿಬಿಡುತ್ತದೆ. ಗೀರು ಉಳಿದಿದ್ದರೆ ಈಗಲೇ ಹಿಂದೆ ಹೋಗಿ.

ಗೋಡೆ ಅಂಚಿಗೆ, ಮೂಲೆಗೆ ಗ್ರೈಂಡರ್ ಮತ್ತೆ ತರಬೇಡಿ. ಹಳೆಯ ಕೈಗರಗಸದ ಅಲಗಿನಿಂದ ಅಂಗೈಯಗಲ ತುಂಡು ಮಾಡಿ, ಅಂಚನ್ನು ಅರದಲ್ಲಿ ನೇರ ಮಾಡಿ, ಸ್ಕ್ರೂಡ್ರೈವರಿನ ದಂಡದಿಂದ ಒತ್ತಿ ಎಳೆದು ಸಣ್ಣ ಮಡಿಕೆ ಕೊಟ್ಟರೆ ಒಳ್ಳೆಯ ಸ್ಕ್ರೇಪರ್ ಆಗುತ್ತದೆ. ಹುಡಿ ಬರುತ್ತಿದ್ದರೆ ಅಂಚು ಮೊಂಡು. ಈರುಳ್ಳಿ ಸಿಪ್ಪೆಯಂಥ ತೆಳು ಸುರುಳಿ ಬಂದರೆ ಸರಿಯಾಗಿದೆ.

ಉತ್ತರ: ಬಣ್ಣ_ಕುಂಬಳೆ

ಅಂಟುವ ಮೂಲೆ ಗೇರೆಣ್ಣೆಯಿಂದಲೇ. ಗೇರುಬೀಜದ ಸಿಪ್ಪೆಯ ಎಣ್ಣೆ ಫೀನಾಲ್ ಜಾತಿಯದ್ದು. ಎಣ್ಣೆ ಆಧಾರದ ಪಿಯು ಒಣಗುವುದೆಂದರೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುವುದು. ಫೀನಾಲ್ ಆ ಕ್ರಿಯೆಯನ್ನೇ ತಡೆಯುತ್ತದೆ. ಥಿನ್ನರ್ ಹಾರಿಹೋಗಿ ಮುಟ್ಟಿದರೆ ಒಣಗಿದ ಹಾಗೆ ತೋರಿದರೂ ಒಳಗೆ ಅಂಟು ಉಳಿಯುವುದು ಅದಕ್ಕೇ. ಇನ್ನು ಮೂರು ವರ್ಷ ಕಾದರೂ ಇದು ಒಣಗದು. ಬೀಟೆ, ಸಾಗುವಾನಿಗಳಲ್ಲಿ ಮರದ ಸ್ವಂತ ಎಣ್ಣೆಯಿಂದಲೇ ಹೀಗಾಗುವುದುಂಟು. ಹಲಸಿನಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ, ಹಾಗಾಗಿ ನಿಮ್ಮಲ್ಲಿ ಅಂಟು ಆ ನಾಲ್ಕು ಹಲಗೆಗೆ ಮಾತ್ರ ನಿಂತಿದೆ.

ಅಂಟನ್ನು ಸ್ಯಾಂಡರಿನಿಂದ ತೆಗೆಯಲು ಹೋಗಬೇಡಿ. ಪೇಪರ್ ಎರಡು ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ, ಬಿಸಿಗೆ ಎಣ್ಣೆ ಇನ್ನಷ್ಟು ಮೇಲೆ ಬರುತ್ತದೆ. ಆ ಹುಡಿ ಮೈಗೆ ಕೂತರೆ ಗೇರು ಸೊನೆ ತಾಗಿದ ಹಾಗೆ ಬೊಕ್ಕೆ ಏಳಬಹುದು, ಉಸಿರಿಗೆ ಹೋದರಂತೂ ಕಷ್ಟ. ಉದ್ದ ತೋಳಿನ ಅಂಗಿ, ನೈಟ್ರೈಲ್ ಗ್ಲೌಸ್, ಎನ್95 ಮಾಸ್ಕ್, ಕನ್ನಡಕ ಹಾಕಿ. ಸ್ಕ್ರೇಪರಿನಲ್ಲಿ ಅಂಟನ್ನು ಕೆರೆದು ಕಾಗದಕ್ಕೆ ಒರೆಸುತ್ತಾ ಹೋಗಿ. ಆಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ. ಒಂದು ಬಟ್ಟೆಯನ್ನು ಒಂದೇ ಸಲ ಬಳಸಿ, ಇಲ್ಲವಾದರೆ ಎಣ್ಣೆಯನ್ನು ಜಾಗ ಬದಲಾಯಿಸಿದಂತೆ ಆಗುತ್ತದೆ. ಬಟ್ಟೆಯ ಮೇಲೆ ಕಂದು ಬರುವುದು ನಿಲ್ಲುವವರೆಗೆ, ನಾಲ್ಕೋ ಐದೋ ಸಲ. ಕಿಟಕಿ ತೆರೆದಿರಬೇಕು, ಸುತ್ತ ದೀಪ, ಒಲೆ, ಸ್ವಿಚ್ಚಿನ ಕಿಡಿ ಇರಬಾರದು. ಕೆಳಗಿನ ಚಾವಡಿಯಲ್ಲಿ ದೇವರ ದೀಪ ಉರಿಯುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ, ಥಿನ್ನರಿನ ಹಬೆ ಗಾಳಿಗಿಂತ ಭಾರ, ಸಂದಿಯಿಂದ ಕೆಳಗೇ ಇಳಿಯುತ್ತದೆ.

ಎಷ್ಟು ತೊಳೆದರೂ ಒಳಗಿನ ಎಣ್ಣೆ ಪೂರ್ತಿ ಬರುವುದಿಲ್ಲ. ಅದಕ್ಕೆ ತಡೆಯಾಗಿ ಅರಗಿನ ಪಾಲಿಶ್ ಎರಡು ತೆಳು ಕೋಟ್ ಬೇಕು. ಒಂದು ಲೀಟರ್ ಸ್ಪಿರಿಟ್ಟಿಗೆ 150 ಗ್ರಾಂ ಅರಗಿನ ಚಕ್ಕೆ. ಅಂಗಡಿಯ ಸಾಮಾನ್ಯ ಅರಗಿನಲ್ಲಿ ಮೇಣ ಇರುತ್ತದೆ, ಮೇಣದ ಮೇಲೆ ಪಿಯು ಹಿಡಿಯುವುದಿಲ್ಲ. ಗಾಜಿನ ಭರಣಿಯಲ್ಲಿ ಕರಗಿಸಿ ಎರಡು ಮೂರು ದಿನ ಅಲುಗಾಡಿಸದೆ ಇಟ್ಟರೆ ಮೇಣ ತಳಕ್ಕೆ ಕೂರುತ್ತದೆ; ಮೇಲಿನ ತಿಳಿಯನ್ನು ಮಾತ್ರ ಬಸಿದು ಬಳಸಿ. ಕಬ್ಬಿಣದ ಡಬ್ಬದಲ್ಲಿ ಇಟ್ಟರೆ ಕಪ್ಪಾಗುತ್ತದೆ. ಎರಡು ಕೋಟಿನ ನಡುವೆ ಎರಡು ಗಂಟೆ, ಮರುದಿನ 320ರಲ್ಲಿ ಬಲ ಹಾಕದೆ ಒಂದು ಸಲ ಕೈಯಾಡಿಸಿ. ಅದರ ಮೇಲೆ ಪಿಯುವನ್ನು ಮೊದಲು ಒಂದು ಅಡಿ ಜಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಉಗುರು ಒತ್ತಿದರೆ ಗುರುತು ಬೀಳದಿದ್ದರೆ ಮುಂದುವರಿಯಿರಿ. ಆಗಲೂ ಅಂಟಿದರೆ ಆ ನಾಲ್ಕು ಹಲಗೆ ಬದಲಿಸುವುದೇ ಒಳ್ಳೆಯದು.

ಸಿಪ್ಪೆ ಏಳುವ ಜಾಗಕ್ಕೆ ಒಂದು ಪರೀಕ್ಷೆ ಉಂಟು. ಎದ್ದ ಸಿಪ್ಪೆಯ ಅಡಿಯಲ್ಲಿ ಏನಿದೆ ನೋಡಿ. ಅಲ್ಲಿ ಇನ್ನೊಂದು ಹೊಳೆಯುವ ಪದರ ಇದ್ದರೆ, ಎರಡನೆಯ ಕೋಟ್ ಮೊದಲನೆಯದನ್ನು ಹಿಡಿದಿಲ್ಲ. ಮೂರು ವಾರದಲ್ಲಿ ಪೂರ್ತಿ ಗಟ್ಟಿಯಾದ ಪಿಯುವನ್ನು ಉಜ್ಜದೆ ಮೇಲೆ ಹೊಡೆದದ್ದು ಕಾರಣ. ಬರೀ ಮರ ಕಂಡರೆ, 220ರಲ್ಲಿ ಉಜ್ಜಿ ಮರದ ರಂಧ್ರ ಮುಚ್ಚಿದ್ದು ಅಥವಾ ಹಳೆಯ ಮೇಣದ ಪಾಲಿಶ್ ಉಳಿದದ್ದು ಕಾರಣ. ಎದ್ದಿಲ್ಲದ ಕಡೆ ಬ್ಲೇಡಿನಿಂದ 2 ಮಿ.ಮೀ. ಅಂತರದಲ್ಲಿ ಚೌಕುಳಿ ಕೊರೆದು, ಟೇಪ್ ಒತ್ತಿ, ಸರಕ್ಕನೆ ಕಿತ್ತು ನೋಡಿ. ಚೌಕಗಳು ಟೇಪಿಗೆ ಬಂದರೆ ಅದೂ ಇಂದಲ್ಲ ನಾಳೆ ಏಳುವುದೇ.

ಉತ್ತರ: ಮುಳ್ಳೇರಿಯ_ರಸಾಯನ

ಕಪ್ಪು ಬಳೆ ಬಂದದ್ದು ಒದ್ದೆ ಬಟ್ಟೆಯಿಂದ. ಉಜ್ಜಿದಾಗ ಮೊಳೆಯ ತುಕ್ಕು ಕಬ್ಬಿಣದ ಹುಡಿಯಾಗಿ ಮರದ ರಂಧ್ರದೊಳಗೆ ಕೂರುತ್ತದೆ. ನೀರು ತಾಗಿದ ಕೂಡಲೇ ಆ ಕಬ್ಬಿಣ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತುವಿನ ಜೊತೆ ಸೇರಿ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿಯಿಂದ ಶಾಯಿ ಮಾಡುತ್ತಿದ್ದದ್ದು ಇದೇ ಕ್ರಿಯೆಯಿಂದ. ಹಲಸಿನಲ್ಲಿ ಇನ್ನೊಂದು ಸೇರುತ್ತದೆ. ಅದರ ಹಳದಿಗೆ ಕಾರಣ ಮೋರಿನ್ ಎಂಬ ಬಣ್ಣದ ವಸ್ತು. ಬೌದ್ಧ ಭಿಕ್ಷುಗಳ ಚೀವರಕ್ಕೆ ಹಲಸಿನ ಚಕ್ಕೆ ಬೇಯಿಸಿ ಬಣ್ಣ ಕಟ್ಟುವುದು ಇದರಿಂದಲೇ. ಕಬ್ಬಿಣದ ಜೊತೆ ಮೋರಿನ್ ಹಸಿರು ಛಾಯೆಯ ಕಪ್ಪು ಕೊಡುತ್ತದೆ. ನಿಮ್ಮ ಬಳೆಗಳ ಅಂಚು ಹಸಿರುಗಟ್ಟಿ ಕಂಡರೆ ಬೂಷ್ಟು ಎಂದು ತಿಳಿಯಬೇಡಿ.

ಇದನ್ನು ತೆಗೆಯಲು ಆಕ್ಸಾಲಿಕ್ ಆಮ್ಲ. ಪಿಯು ಪೂರ್ತಿ ತೆಗೆದು 80ರವರೆಗೆ ಉಜ್ಜಿದ ಮೇಲೆ ಮಾತ್ರ, ಏಕೆಂದರೆ ಪದರದ ಮೂಲಕ ಅದು ಇಳಿಯುವುದಿಲ್ಲ. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಲೋಹದ ಪಾತ್ರೆ ಬೇಡ. ಬಳೆಗೆ ಮಾತ್ರ ಹಚ್ಚಿದರೆ ಕಪ್ಪು ಹೋಗಿ ಬಿಳಿ ಬಳೆ ಉಳಿಯುತ್ತದೆ, ಹಾಗಾಗಿ ಹಲಗೆಯ ಪೂರ್ತಿ ಅಗಲಕ್ಕೆ, ಕಲೆಯಿಂದ ಎರಡೂ ಬದಿಗೆ ಒಂದೊಂದು ಅಡಿ ಹಚ್ಚಿ, ತುದಿಯಲ್ಲಿ ತೆಳುವಾಗಿಸಿ. ಬ್ರಷ್ಷು ನಾರಿನದಿರಲಿ, ತಂತಿಯದ್ದಲ್ಲ. ಸುರಿಯಬೇಡಿ, ಕೆಳಗಿನ ಮುಚ್ಚಿಗೆಯಲ್ಲಿ ಇಳಿದ ಗೆರೆ ಕಾಣುತ್ತದೆ. ರಾತ್ರಿಯಿಡೀ ಬಿಟ್ಟರೆ ಮರುದಿನ ಬಿಳಿ ಹರಳು ಕಾಣಿಸುತ್ತದೆ. ಅದನ್ನು ಗುಡಿಸಬಾರದು, ಒಣಗಿದಲ್ಲಿ ಉಜ್ಜಲೂಬಾರದು. ಅದು ವಿಷ, ಮೂಗು ಗಂಟಲು ಸುಡುತ್ತದೆ, ದೇಹಕ್ಕೆ ಹೋದರೆ ಮೂತ್ರಪಿಂಡಕ್ಕೆ ಕೆಡುಕು. ಹಿಂಡಿದ ಬಟ್ಟೆಯಿಂದ, ನೀರು ಬದಲಿಸುತ್ತಾ, ಮೂರು ಸಲ ಒರೆಸಿ ತೆಗೆಯಿರಿ. ಮಕ್ಕಳು, ನಾಯಿ, ಬೆಕ್ಕು ಆ ಎರಡು ದಿನ ಉಪ್ಪರಿಗೆ ಹತ್ತದ ಹಾಗೆ ನೋಡಿಕೊಳ್ಳಿ.

ಉಳಿದ ಆಮ್ಲಕ್ಕೆ ಸೋಡಾಪುಡಿ ನೀರು ಹಾಕಿ ಒರೆಸುವುದು ಎಲ್ಲ ಕಡೆ ರೂಢಿ. ಸಾಗುವಾನಿಗೆ ಅದು ಸರಿ. ಹಲಸಿಗೆ ಬೇಡ. ಸೋಡಾ ಕ್ಷಾರ, ಮೋರಿನ್ ಕ್ಷಾರದಲ್ಲಿ ಗಾಢ ಹಳದಿಗೆ ತಿರುಗುತ್ತದೆ, ಹಚ್ಚಿದಲ್ಲೆಲ್ಲ ಮಚ್ಚೆ ಬೀಳುತ್ತದೆ. ಹಲಸಿಗೆ ಬರೀ ನೀರು ಸಾಕು, ಒಂದು ಸಲ ಹೆಚ್ಚು ಒರೆಸಿ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಲವರು ಮಾಡುತ್ತಾರೆ: ಸಂದಿಯ ಬಿಳಿ ಗಮ್ಮನ್ನು ಮೆದುಮಾಡಲು ವಿನೆಗರ್ ಬಳಸಬೇಡಿ. ವಿನೆಗರ್ ಮೊಳೆಯ ಕಬ್ಬಿಣವನ್ನು ಕರಗಿಸುತ್ತದೆ, ಆ ದ್ರಾವಣವೇ ಮರವನ್ನು ಕಪ್ಪು ಮಾಡಲು ಬೇಕೆಂದೇ ಬಳಸುವ ವಸ್ತು. ಸ್ಟೀಲ್ ವುಲ್ ಕೂಡ ಈ ನೆಲದ ಹತ್ತಿರ ಬರಬಾರದು, ಅದರ ಮುರಿದ ಎಳೆಗಳು ಮಳೆಗಾಲದಲ್ಲಿ ಒಂದೊಂದು ಕಪ್ಪು ಚುಕ್ಕಿಯಾಗುತ್ತವೆ.

ನೀರ್ಚಾಲು_ಮನೆ

ತುಂಬಾ ಉಪಕಾರ. ಸಿಪ್ಪೆಯ ಅಡಿ ನೋಡಿದೆ, ಹೊಳೆಯುವ ಪದರವೇ ಇದೆ. ಬಳೆಯ ಅಂಚು ಹಸಿರು ಹೌದು. ಎರಡು ಸಂಶಯ. ಗಮ್ ತೆಗೆದ ಮೇಲೆ ಸಂದಿಗೆ ಏನು ತುಂಬಿಸುವುದು? ಹಾಗೇ ಬಿಟ್ಟರೆ ಗುಡಿಸುವಾಗ ಕಸ ಕೆಳಗಿನ ಚಾವಡಿಗೆ ಬೀಳುತ್ತದೆ. ಮತ್ತೆ ಏಣಿಮೆಟ್ಟಿಲಿನ ಕೈಹಿಡಿಗೆ ಹಳೆಯ ಹಸಿರು ಪೈಂಟ್ ಉಂಟು, ಅದನ್ನೂ ಇದೇ ಸ್ಯಾಂಡರಿನಲ್ಲಿ ತೆಗೆಯಬಹುದೇ?

ಉತ್ತರ: ಕೀಸುಳಿ

ಸಂದಿ ಕೆಟ್ಟದ್ದು ಗಮ್ಮಿನಿಂದ ಮಾತ್ರವಲ್ಲ, ತುಂಬಿಸಿದ ತಿಂಗಳಿನಿಂದ. ಗಾಳಿಯ ತೇವ 65 ಶೇಕಡಾ ಇದ್ದರೆ ಮರದೊಳಗಿನ ನೀರು ಸುಮಾರು 12 ಶೇಕಡಾಕ್ಕೆ ಬಂದು ನಿಲ್ಲುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗಾಳಿಯ ತೇವ 85, 90 ಆದಾಗ ಅದು 18ರ ಮೇಲೆ ಹೋಗುತ್ತದೆ. ಎಂಟಿಂಚಿನ ಹಲಗೆ ಇಷ್ಟಕ್ಕೆ ಅಗಲದಲ್ಲಿ 2 ಮಿ.ಮೀ. ಆಸುಪಾಸು ಹಿಗ್ಗುತ್ತದೆ. ಉದ್ದದಲ್ಲಿ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಬೇಸಗೆಯಲ್ಲಿ ತೆರೆದ ಸಂದಿಗೆ ಗಟ್ಟಿ ವಸ್ತು ತುಂಬಿದರೆ ಮಳೆಗಾಲದಲ್ಲಿ ಹಲಗೆಗೆ ಹೋಗಲು ಜಾಗವಿಲ್ಲ. ತುಂಬಿದ್ದು ಹೊರಗೆ ಬರುತ್ತದೆ. ಬಾರದಿದ್ದರೆ ಇನ್ನೂ ಕಷ್ಟ, ಹಲಗೆಯೇ ನಡುವೆ ಉಬ್ಬಿ ಮೊಳೆ ಎಳೆದುಕೊಳ್ಳುತ್ತದೆ.

ಬಿಳಿ ಪಟ್ಟಿ ಬಂದದ್ದು ಗಮ್ ಅಂಚಿಗೆ ಮೆತ್ತಿಕೊಂಡದ್ದರಿಂದ. ಗಮ್ ಹೀರಿದ ಮರ ಪಿಯು ಹೀರುವುದಿಲ್ಲ. ಅಲ್ಲದೆ ಹಲಸು ಬೆಳಕಿಗೆ ವರ್ಷದಿಂದ ವರ್ಷಕ್ಕೆ ಕೆಂಪುಕಂದಾಗುತ್ತಾ ಹೋಗುತ್ತದೆ, ಗಮ್ ಸೇರಿದ ಹುಡಿ ಆ ಜೊತೆ ಹೋಗುವುದಿಲ್ಲ. ತೆಗೆಯಲು: ಹಾಟ್ ಏರ್ ಗನ್ನನ್ನು ಕಡಿಮೆ ಬಿಸಿಯಲ್ಲಿ ಹಿಡಿದರೆ ಗಮ್ ರಬ್ಬರಿನ ಹಾಗೆ ಮೆದುವಾಗುತ್ತದೆ, ಕಿರಿದಾದ ಉಳಿಯಿಂದ ಅಥವಾ ಬಗ್ಗಿಸಿದ ಹ್ಯಾಕ್ಸಾ ಬ್ಲೇಡಿನಿಂದ ಎಳೆದು ತೆಗೆಯಿರಿ. ಥಿನ್ನರ್ ಹಚ್ಚಿದ ದಿನ ಹಾಟ್ ಗನ್ ಮುಟ್ಟಬೇಡಿ.

ತುಂಬಿಸುವ ವಿಷಯಕ್ಕೆ ಬಂದರೆ, ಜನವರಿಯಲ್ಲಿ ಅಳೆದಾಗ ಒಂದೂವರೆ ಮಿ.ಮೀ.ಗಿಂತ ಕಿರಿದಾದ ಸಂದಿಯನ್ನು ಹಾಗೇ ಬಿಡಿ. ಅದಕ್ಕಿಂತ ದೊಡ್ಡದಕ್ಕೆ ಹಲಸಿನದೇ ಕಡ್ಡಿ ಸೀಳಿ, ಕೀಸುಳಿಯಲ್ಲಿ ಬೆಣೆಯ ಹಾಗೆ ಅಡಿಗೆ ತೆಳು ಮಾಡಿ, ಒಂದು ಬದಿಗೆ ಮಾತ್ರ ಗಮ್ ಹಚ್ಚಿ ಒತ್ತಿ. ಇನ್ನೊಂದು ಬದಿ ಬಿಡುಗಡೆಯಾಗಿರಬೇಕು, ಅಲ್ಲಿ ಮಳೆಗಾಲಕ್ಕೆಂದು ಕಾರ್ಡಿನ ದಪ್ಪದ ಸಂದಿ ಉಳಿಸಿ. ಮೇಲೆ ಉಳಿದದ್ದನ್ನು ಉಳಿಯಿಂದ ಕತ್ತರಿಸಿ ಹಲಗೆಯ ಜೊತೆಗೇ ಉಜ್ಜಿ. ಕಸ ಬೀಳದ ಹಾಗೆ ಬೇಕಿದ್ದರೆ ಕೆಳಗಿನಿಂದ, ಚಾವಡಿಯ ಕಡೆಯಿಂದ, ಸಂದಿಯ ಉದ್ದಕ್ಕೆ ಒಂದಿಂಚಿನ ಮರದ ಪಟ್ಟಿ ಹೊಡೆಯಿರಿ. ಮೊಳೆ ಒಂದು ಹಲಗೆಗೆ ಮಾತ್ರ ಹೋಗಲಿ. ಹಳೆಯ ಮನೆಗಳ ಮುಚ್ಚಿಗೆಯಲ್ಲಿ ಅಂಥ ಪಟ್ಟಿ ಕಂಡರೆ ಅದು ಅಲಂಕಾರಕ್ಕೆ ಮಾತ್ರ ಹೊಡೆದದ್ದಲ್ಲ.

ಮೊಳೆಯ ತೂತು ಹಿಗ್ಗಿ ಕುಗ್ಗುವ ಜಾಗವಲ್ಲ, ಅದನ್ನು ತುಂಬಬಹುದು. 120ರಲ್ಲಿ ಬಂದ ಹಲಸಿನ ಹುಡಿಯನ್ನು ಎರಡು ಭಾಗದ ಎಪಾಕ್ಸಿಯಲ್ಲಿ ಕಲಸಿ ತುಂಬಿ. ಒಣಗಿದ ಮೇಲೆ ಅದು ಕಡುಕಂದಾಗಿ ಕಾಣುತ್ತದೆ. ಹಲಸು ಮುಂದೆ ಕಪ್ಪಾಗುವ ಕಾರಣ ಅದು ಒಳ್ಳೆಯದೇ.

ಉತ್ತರ: ಮುಳ್ಳೇರಿಯ_ರಸಾಯನ

ಹಸಿರು ಪೈಂಟಿಗೆ ಸ್ಯಾಂಡರ್ ಹಚ್ಚಬೇಡಿ. ನಮ್ಮ ದೇಶದಲ್ಲಿ ಮನೆಯ ಪೈಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಹಸಿರು, ಹಳದಿ, ಕೆಂಪು ಎನಾಮಲ್‌ಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣ ಹುಡಿ ಮನೆಯಿಡೀ ಹರಡುತ್ತದೆ, ಅಂಬೆಗಾಲಿಡುವ ಮಕ್ಕಳಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಪೈಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಒದ್ದೆಯಿರುವಾಗಲೇ ಕೆರೆಯಿರಿ, ಕೆರೆದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ. ಹಾಟ್ ಗನ್ ಕೂಡ ಬೇಡ, ಹೆಚ್ಚು ಬಿಸಿಗೆ ಸೀಸದ ಹೊಗೆ ಬರುತ್ತದೆ. ಗಟ್ಟಿಯಾಗಿ ಹಿಡಿದಿರುವ ಪೈಂಟನ್ನು ಕೆದಕದೆ ಅದರ ಮೇಲೆ ಹೊಸ ಪೈಂಟ್ ಹೊಡೆಯುವುದೂ ಸರಿಯಾದ ದಾರಿಯೇ.

ಉತ್ತರ: ಉಪ್ಪಳದಿಂದ

ಇಷ್ಟೆಲ್ಲ ತೆಗೆಯುವುದೇ ಆದರೆ ಮತ್ತೆ ಪಿಯು ಯಾಕೆ ಎಂಬುದು ನನ್ನ ಪ್ರಶ್ನೆ. ಹಿಗ್ಗಿ ಕುಗ್ಗುವ ಅಗಲ ಹಲಗೆಗೆ ಹಾರ್ಡ್‌ವ್ಯಾಕ್ಸ್ ಎಣ್ಣೆ (ಗಟ್ಟಿ ಮೇಣ ಬೆರೆಸಿದ ಒಣಗುವ ಎಣ್ಣೆ) ಹೆಚ್ಚು ಹೊಂದುತ್ತದೆ. ಅದು ಮರದೊಳಗೆ ಇಳಿಯುತ್ತದೆ, ಸಿಪ್ಪೆ ಏಳುವುದಿಲ್ಲ, ಒಂದು ಜಾಗ ಸವೆದರೆ ಆ ಜಾಗಕ್ಕೆ ಮಾತ್ರ 150ರಲ್ಲಿ ಉಜ್ಜಿ ಮತ್ತೆ ಹಚ್ಚಿದರೆ ಗೊತ್ತಾಗುವುದಿಲ್ಲ. ಪಿಯುವಿಗೆ ತೇಪೆ ಹಾಕಿದರೆ ತೇಪೆಯ ಅಂಚು ಕಂಡೇ ಕಾಣುತ್ತದೆ. ಹಸಿ ಅಗಸೆ ಎಣ್ಣೆಯನ್ನು ಮಾತ್ರ ಹಚ್ಚಬೇಡಿ, ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಒಣಗುವಾಗ ಅದು ತನ್ನಿಂದ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಅಂಗಳದ ಹಗ್ಗದಲ್ಲಿ ಬಿಡಿಬಿಡಿಯಾಗಿ ಹರಡಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿ.

ಉತ್ತರ: ಬಣ್ಣ_ಕುಂಬಳೆ

ಉಪ್ಪಳದವರ ಮಾತು ಉಳಿದ ಹಲಗೆಗಳಿಗೆ ಒಪ್ಪುತ್ತದೆ, ಗೇರೆಣ್ಣೆಯ ಮೂಲೆಗೆ ಒಪ್ಪುವುದಿಲ್ಲ. ಹಾರ್ಡ್‌ವ್ಯಾಕ್ಸ್ ಎಣ್ಣೆಯೂ ಆಮ್ಲಜನಕದಿಂದಲೇ ಒಣಗುವುದು. ಅರಗಿನ ತಡೆ ಹಾಕಿದರೆ ಅದು ಮರದೊಳಗೆ ಇಳಿಯದು. ಒಂದೇ ಕೋಣೆಯಲ್ಲಿ ಎರಡು ಬಗೆ ಬೇಡವಾದರೆ ಪಿಯು, ಅಥವಾ ಆ ನಾಲ್ಕು ಹಲಗೆ ಬದಲಿಸಿ ಎಲ್ಲಕ್ಕೂ ಎಣ್ಣೆ.

ಕಾಲದ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಈಗ ಸೆಪ್ಟೆಂಬರಿನಲ್ಲಿ ಅಂಟು ಕೆರೆಯುವುದು, ಗಮ್ ತೆಗೆಯುವುದು. ತುಲಾ ಮಳೆ (ಅಕ್ಟೋಬರ್-ನವೆಂಬರಿನದು) ಮುಗಿಯುವವರೆಗೆ ಅಷ್ಟಕ್ಕೇ ಬಿಡಿ, ನೆಲ ಬರಿದಾಗಿ ಇದ್ದರೂ ಕೆಡುವುದಿಲ್ಲ. ಡಿಸೆಂಬರಿನಲ್ಲಿ ಬೆಲ್ಟ್, ಆಮ್ಲ, ಆರ್ಬಿಟಲ್. ಆಮ್ಲದ ಒದ್ದೆ ಆರಲು ಮೂರು ದಿನ. ಜನವರಿಯಲ್ಲಿ ಕಡ್ಡಿ ಮತ್ತು ಪಿಯು. ತೇವಮಾಪಕ ತರಿಸಿ ಕೋಣೆಯಲ್ಲಿ ಇಡಿ, 70ಕ್ಕಿಂತ ಕಡಿಮೆ ತೋರಿಸುವ ದಿನ ನೋಡಿ, ಇಬ್ಬನಿ ಆರಿದ ಮೇಲೆ ಹತ್ತು ಗಂಟೆಗೆ ಶುರು ಮಾಡಿ. ಉಜ್ಜುವ ದಿನಗಳಲ್ಲಿ ಚಾವಡಿಗೆ ಟಾರ್ಪಾಲು ಹಾಸಿ.

ಪಿಯು ಒಂದು ಲೀಟರಿಗೆ ಸುಮಾರು 10 ಚದರ ಮೀಟರ್. ನಿಮ್ಮದು 15.6 ಚದರ ಮೀಟರ್, ಅಂದರೆ ಕೋಟಿಗೆ ಒಂದೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು. ಮೂರು ಕೋಟಿಗೆ ಐದು ಲೀಟರ್ ತಂದುಕೊಳ್ಳಿ, ಒಂದೇ ಬ್ಯಾಚಿನದು. ಇದಕ್ಕಿಂತ ತೀರಾ ಕಡಿಮೆ ಖರ್ಚಾದರೆ ಎಳೆದು ತೆಳು ಮಾಡಿದ್ದೀರಿ, ತೀರಾ ಹೆಚ್ಚಾದರೆ ದಪ್ಪವಾಗಿದೆ, ಒಣಗಲು ತಡ. ಡಬ್ಬವನ್ನು ಕುಲುಕಬೇಡಿ, ಗುಳ್ಳೆ ಏಳುತ್ತದೆ. ಕೋಲಿನಿಂದ ತಳ ಮುಟ್ಟಿ ನಿಧಾನ ತಿರುಗಿಸಿ. ಮೊದಲ ಕೋಟಿಗೆ ಡಬ್ಬದಲ್ಲಿ ಹೇಳಿದ ಥಿನ್ನರ್ 10 ಶೇಕಡಾ ಸೇರಿಸಿ. ಹುಡಿ ತೆಗೆಯಲು ವ್ಯಾಕ್ಯೂಮ್, ನಂತರ ಟರ್ಪಂಟೈನ್ ಅದ್ದಿ ಹಿಂಡಿದ ಬಟ್ಟೆ. ನೀರು ಬೇಡವೆಂದು ಮೇಲೆ ಹೇಳಿ ಆಗಿದೆ.

ಬಾಗಿಲಿಗೆ ಎದುರಿನ ಗೋಡೆಯಿಂದ ಶುರು ಮಾಡಿ, ಎರಡು ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒಟ್ಟಿಗೆ ಮುಗಿಸಿ ಮುಂದಿನ ಎರಡಕ್ಕೆ ಹೋಗಿ. ಹಲಗೆಯ ನಡುವೆ ನಿಲ್ಲಿಸಿದರೆ ಅಲ್ಲಿ ಗೆರೆ ಉಳಿಯುತ್ತದೆ. ಸೀಲಿಂಗ್ ಫ್ಯಾನ್ ಹಾಕಬೇಡಿ. ಮೇಲ್ಪದರ ಬೇಗ ಕೆನೆಗಟ್ಟಿ ಒಳಗಿನ ಥಿನ್ನರ್ ಗುಳ್ಳೆಯಾಗಿ ಸಿಕ್ಕಿಕೊಳ್ಳುತ್ತದೆ, ಧೂಳೂ ಕೂರುತ್ತದೆ. ಗುಳ್ಳೆ ಬಂದರೆ ಒದ್ದೆಯಿರುವಾಗ ಮತ್ತೆ ಮತ್ತೆ ಬ್ರಷ್ ಆಡಿಸಬೇಡಿ, ಒಣಗಲು ಬಿಟ್ಟು 220ರಲ್ಲಿ ಉಜ್ಜಿದರೆ ಹೋಗುತ್ತದೆ. ಕೋಟು ಕೋಟಿನ ನಡುವೆ 24 ಗಂಟೆ, ಪ್ರತಿ ಸಲವೂ 220ರಲ್ಲಿ ಹೊಳಪು ಸಮನಾಗಿ ಸಾಯುವಷ್ಟು ಉಜ್ಜಿ. ಹೊಳೆಯುವ ಚುಕ್ಕಿ ಉಳಿದಲ್ಲಿ ಮೇಲಿನದು ಹಿಡಿಯುವುದಿಲ್ಲ.

ಕೊನೆಯ ಕೋಟಿನ ಎರಡು ದಿನದ ಮೇಲೆ ಬರಿಗಾಲಲ್ಲಿ ನಡೆಯಬಹುದು. ಮಂಚ, ಕಪಾಟು ಒಂದು ವಾರದ ಮೇಲೆ, ಕಾಲಿನಡಿಗೆ ಫೆಲ್ಟ್ ಅಂಟಿಸಿ, ಎಳೆಯದೆ ಎತ್ತಿ ಇಡಿ. ಚಾಪೆಯನ್ನು ಒಂದು ತಿಂಗಳು ಹಾಸಬೇಡಿ, ಗಾಳಿ ತಾಗದ ಜಾಗ ಪೂರ್ತಿ ಗಟ್ಟಿಯಾಗಲು ತಡವಾಗುತ್ತದೆ.

ನೀರ್ಚಾಲು_ಮನೆ

ಹಾಗೇ ಮಾಡುತ್ತೇನೆ. ಮೂಲೆಯ ಅಂಟನ್ನು ಈ ವಾರ ತೆಗೆದು, ಥಿನ್ನರ್ ಬಟ್ಟೆ ಬೆಳ್ಳಗೆ ಬರುವವರೆಗೆ ಎಷ್ಟು ಸಲ ಬೇಕಾಯಿತೆಂದು ಇಲ್ಲಿ ಬರೆಯುತ್ತೇನೆ. ಹಲಗೆ ಬದಲಿಸಬೇಕಾಗಿ ಬಂದರೆ ಅದೇ ಅಗಲದ ಹಳೆಯ ಹಲಸಿನ ಹಲಗೆ ಈ ಕಡೆ ಯಾರಲ್ಲಾದರೂ ಇದ್ದರೆ ತಿಳಿಸಿ: 8 ಇಂಚು ಅಗಲ, 12 ಅಡಿ ಉದ್ದ, ನಾಲ್ಕು ಬೇಕು.